ಯಾರ ಮಗನ ಕೈಗೆ ತಕಲಿ?

ಹೊಲಿಗೆ ಯಂತ್ರ ವಿತರಣಾ ಸಮಾರಂಭ ಎಂಬುದು ನಮ್ಮ ಸಮುದಾಯದಲ್ಲಿ ಈಗ ವರ್ಷಕ್ಕೊಮ್ಮೆ ನಡೆಯಲೇಬೇಕಾದ ವಿಧಿಯಂತಾಗಿಬಿಟ್ಟಿದೆ. ಶಾಮಿಯಾನ ಏಳುತ್ತದೆ, ಶಾಸಕರು ಬರುತ್ತಾರೆ, ದಾನಿಗಳಿಗೆ ಶಾಲು ಹೊದಿಸಲಾಗುತ್ತದೆ. ಏಳನೆಯದಕ್ಕೋ ಹತ್ತನೆಯದಕ್ಕೋ ಶಾಲೆ ಬಿಟ್ಟ ಹತ್ತಿಪ್ಪತ್ತು ಹೆಣ್ಣುಮಕ್ಕಳು ತಲೆ ತಗ್ಗಿಸಿ ಬಂದು, ಒಂದೊಂದು ಯಂತ್ರ ಪಡೆದು, ಫೋಟೋಕ್ಕೆ ನಿಲ್ಲುತ್ತಾರೆ. ಕೈಯಲ್ಲಿ ಹುನರ್ ಇದ್ದವರು ಹಸಿದು ಸಾಯುವುದಿಲ್ಲ ಎಂದು ಭಾಷಣಕಾರರು ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ಭಾಷಣಕಾರರ ಮಗಳು ಎಲ್ಲಿದ್ದಾಳೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆಕೆ ಮೆಡಿಕಲ್ ಕಾಲೇಜಿನಲ್ಲಿದ್ದಾಳೆ. ಆಕೆಯ ಅಣ್ಣ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹುನರಿನ ಮಹಿಮೆ ಅಷ್ಟು ದೊಡ್ಡದಾದರೆ ಅದನ್ನು ಸ್ವಂತ ಮಕ್ಕಳಿಂದ ಇಷ್ಟು ಜೋಪಾನವಾಗಿ ದೂರವಿಟ್ಟದ್ದು ಏಕೆ?

ಹೊಲಿಗೆ ಯಂತ್ರದ ಮೇಲೆ ನಮಗೇನೂ ಸಿಟ್ಟಿಲ್ಲ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ನಮ್ಮ ತಕರಾರು ಇರುವುದು, ಇದನ್ನೇ ಶಿಕ್ಷಣವೆಂದೂ ಸಮಾಜದ ಉದ್ಧಾರವೆಂದೂ ಕರೆಯುವವರ ಬಗ್ಗೆ. ಈಚೆಗಂತೂ ಇವರ ಬಾಯಲ್ಲಿ ಗಾಂಧಿ ಕೂಡ ಬರತೊಡಗಿದ್ದಾರೆ. ಬಡವರ ಮಕ್ಕಳಿಗೆ ಓದು ಹತ್ತುವುದಿಲ್ಲ, ಓದಿದರೂ ನೌಕರಿಯಿಲ್ಲ, ಆದ್ದರಿಂದ ಬೇಗ ಒಂದು ಕಸುಬು ಕಲಿಸಿಬಿಡಿ, ಗಾಂಧೀಜಿಯೂ ಇದನ್ನೇ ಹೇಳಿದ್ದರಲ್ಲವೇ ಎಂಬುದು ಇವರ ವಾದ. ಇಲ್ಲ ಸ್ವಾಮಿ, ಗಾಂಧಿ ಇದನ್ನು ಹೇಳಲಿಲ್ಲ. ಅವರು ಹೇಳಿದ್ದು ಇದಕ್ಕೆ ತೀರಾ ಉಲ್ಟಾ.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಶಿಕ್ಷಣ ತಜ್ಞರ ಸಮ್ಮೇಳನವೊಂದು ಸೇರಿತು. ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಆಗಷ್ಟೇ ಬಂದಿದ್ದವು. ಅಕ್ಷರದ ಜೊತೆಗೆ ಕೈಕೆಲಸವನ್ನು ಕಲಿಸುವುದಲ್ಲ, ಕೈಕೆಲಸದ ಮೂಲಕವೇ ಅಕ್ಷರ, ಗಣಿತ, ವಿಜ್ಞಾನ, ಸಮಾಜವನ್ನು ಕಲಿಸಬೇಕು ಎಂಬುದು ಗಾಂಧಿ ಅಲ್ಲಿ ಮುಂದಿಟ್ಟ ವಿಚಾರ. ಅದಕ್ಕೆ ಪಠ್ಯಕ್ರಮದ ರೂಪ ಕೊಡಲು ನೇಮಿಸಿದ ಸಮಿತಿಯ ಅಧ್ಯಕ್ಷರು ಯಾರು ಗೊತ್ತೆ? ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಡಾ. ಜಾಕಿರ್ ಹುಸೇನ್. ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಅವರು ಮೊದಲು ಪರಿಚಯವಾದದ್ದು ರಾಷ್ಟ್ರಪತಿಯಾಗಿ ಅಲ್ಲ, ‘ಅಬ್ಬೂಖಾನ್ ಕೀ ಬಕ್ರಿ’ ಎಂಬ ಮಕ್ಕಳ ಕತೆಯ ಲೇಖಕರಾಗಿ. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದು, 150 ರೂಪಾಯಿ ಮೀರದ ಸಂಬಳಕ್ಕೆ 20 ವರ್ಷ ದುಡಿಯುವ ಪ್ರತಿಜ್ಞೆ ಮಾಡಿದ ಜಾಮಿಯಾ ಅಧ್ಯಾಪಕರ ಪೈಕಿ ಅವರೂ ಒಬ್ಬರು. ಕೆ.ಜಿ. ಸಯ್ಯಿದೈನ್, ವಿನೋಬಾ, ಕಾಕಾ ಕಾಲೇಲ್ಕರ್, ಜೆ.ಸಿ. ಕುಮಾರಪ್ಪ, ಆರ್ಯನಾಯಕಂ, ಆಶಾದೇವಿ ಮೊದಲಾದವರು ಅದೇ ಸಮಿತಿಯಲ್ಲಿದ್ದರು. ಡಿಸೆಂಬರ್ ಹೊತ್ತಿಗೆ ವರದಿ ಸಿದ್ಧವಾಯಿತು. 1938ರ ಫೆಬ್ರವರಿಯಲ್ಲಿ ಹರಿಪುರ ಕಾಂಗ್ರೆಸ್ ಈ ವಿಚಾರವನ್ನು ಒಪ್ಪಿಕೊಂಡಿತು. ಕನ್ನಡದಲ್ಲಿ ಮೂಲ ಶಿಕ್ಷಣ, ಉರ್ದುವಿನಲ್ಲಿ ಬುನಿಯಾದೀ ತಾಲೀಮ್.

ಆ ವರದಿಯ ವೇಳಾಪಟ್ಟಿಯನ್ನು ನೋಡಬೇಕು. ದಿನದ ಐದೂವರೆ ಗಂಟೆಯಲ್ಲಿ 3 ಗಂಟೆ 20 ನಿಮಿಷ ಕಸುಬಿಗೇ ಮೀಸಲು. 7ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಏಳು ವರ್ಷ ಕಡ್ಡಾಯ, ಉಚಿತ, ತಾಯಿನುಡಿಯಲ್ಲಿ. ಇಲ್ಲಿ ‘ಎಲ್ಲ’ ಎಂಬ ಪದದ ಮೇಲೆ ಬೆರಳಿಟ್ಟು ಓದಬೇಕು. ವಕೀಲರ ಮಗ, ಶಾನುಭೋಗರ ಮಗ, ಜಮೀನ್ದಾರರ ಮಗ, ಪಿಂಜಾರರ ಮಗ ಒಂದೇ ಚಾಪೆಯ ಮೇಲೆ ಕೂತು ತಕಲಿ ತಿರುಗಿಸಬೇಕು. ನೂಲುವುದು, ನೇಯುವುದು, ಚರ್ಮದ ಕೆಲಸ, ಮಣ್ಣಿನ ಕೆಲಸ ಮುಂತಾದವು ಯಾವ ಜಾತಿಗಳ ಪಾಲಿಗೆ ಬಂದಿದ್ದವೋ ಆ ಜಾತಿಗಳನ್ನು ಶಾಲೆಯ ಹೊಸ್ತಿಲಾಚೆ ನಿಲ್ಲಿಸಿದ ದೇಶ ಇದು. ಅಂಥವರ ತಿಳಿವಳಿಕೆಯನ್ನೇ ತಂದು ಶಾಲೆಯ ನಡುಮನೆಯಲ್ಲಿ ಕೂರಿಸಿದರೆ ಅದು ಜಾತಿಯ ಬುಡಕ್ಕೇ ಕೊಟ್ಟ ಪೆಟ್ಟು. ಶಿಕ್ಷಣ ಚಿಂತಕ ಕೃಷ್ಣಕುಮಾರ್ ಈ ಅಂಶವನ್ನು ಬಹಳ ಹಿಂದೆಯೇ ಗುರುತಿಸಿ ಬರೆದಿದ್ದಾರೆ. ನಮ್ಮ ಸಮಾರಂಭಗಳ ಭಾಷಣಕಾರರಿಗೆ ಅದನ್ನು ಓದುವಷ್ಟು ಪುರುಸೊತ್ತಿಲ್ಲ, ಪಾಪ!

ಜಾಕಿರ್ ಹುಸೇನರು ಗಾಂಧಿಯ ಮಾತಿಗೆಲ್ಲ ತಲೆದೂಗಿದವರೂ ಅಲ್ಲ. ಮಕ್ಕಳು ತಯಾರಿಸಿದ ಸರಕನ್ನು ಮಾರಿ ಶಾಲೆಯ ಖರ್ಚು, ಕನಿಷ್ಠ ಮೇಷ್ಟ್ರ ಸಂಬಳ ಹುಟ್ಟಬೇಕು ಎಂಬುದು ಗಾಂಧಿಯ ಹಟವಾಗಿತ್ತು. ಈ ಸ್ವಾವಲಂಬನೆಗೆ ಅತಿಯಾಗಿ ಒತ್ತು ಕೊಟ್ಟರೆ ಮೇಷ್ಟ್ರುಗಳು ಬಡಮಕ್ಕಳ ದುಡಿಮೆ ಹಿಂಡುವ ಯಜಮಾನರಾಗಿಬಿಡುತ್ತಾರೆ, ಆಗ ತಕಲಿಯು ಪುಸ್ತಕಕ್ಕಿಂತಲೂ ಕೆಟ್ಟದ್ದಾಗುತ್ತದೆ ಎಂದು ಜಾಕಿರ್ ಸಾಹೇಬರು ಆ ಸಮ್ಮೇಳನದಲ್ಲೇ ಎಚ್ಚರಿಸಿದ್ದರು. ಗಾಂಧಿಯ ಎದುರಿಗೇ ಗಾಂಧಿಯ ಯೋಜನೆಯ ಅಪಾಯವನ್ನು ಹೇಳಿ, ನಂತರ ಅದೇ ಯೋಜನೆಯನ್ನು ಹೆಗಲ ಮೇಲೆ ಹೊತ್ತುಕೊಂಡ ಮನುಷ್ಯ! ಇಂಥವರನ್ನು ನಾವು ಏನು ಮಾಡಿದೆವು?

ಧಿಕ್ಕರಿಸಿದೆವು. 1938ರಲ್ಲಿ ಮುಸ್ಲಿಂ ಲೀಗಿನ ಪೀರ್‌ಪುರ್ ವರದಿ ಕಾಂಗ್ರೆಸ್ ಪ್ರಾಂತಗಳ ಮೇಲಿನ ದೂರುಗಳ ಪಟ್ಟಿಯಲ್ಲಿ ಈ ಶಿಕ್ಷಣವನ್ನೂ ಸೇರಿಸಿತು. ಆ ದೂರಿನಲ್ಲಿ ಹುರುಳೇ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಮಧ್ಯ ಪ್ರಾಂತದಲ್ಲಿ ಶಾಲೆಗಳಿಗೆ ‘ವಿದ್ಯಾಮಂದಿರ’ ಎಂಬ ಹೆಸರಿಟ್ಟು, ಬೇಡವೆಂದು ಮುಸ್ಲಿಮರು ಅಂಗಲಾಚಿದರೂ ಪಟ್ಟು ಹಿಡಿದ ಮಂತ್ರಿಗಳ ದಡ್ಡತನ ಸಣ್ಣದಲ್ಲ. ಪಠ್ಯದಲ್ಲಿ ಧರ್ಮಬೋಧೆಗೆ ಜಾಗವಿಲ್ಲ ಎಂಬ ಆತಂಕವೂ ಹಲವರಲ್ಲಿ ಪ್ರಾಮಾಣಿಕವಾಗಿಯೇ ಇತ್ತು. ಆದರೆ ಈ ಗದ್ದಲದ ಅಡಿಯಲ್ಲಿ ಇನ್ನೊಂದು ನೋವು ಕುದಿಯುತ್ತಿತ್ತೆಂದು ನಮಗೆ ಅನ್ನಿಸುತ್ತದೆ. ಅದನ್ನು ಯಾವ ವರದಿಯೂ ಬರೆಯಲಾರದು. ಶರೀಫ್ ಮನೆತನದ ಹುಡುಗನ ಕೈಗೆ ಜುಲಾಹನ ಸಲಕರಣೆ ಕೊಡುವುದೇ? ಸಯ್ಯದರ ಮಗ ಹತ್ತಿ ಎಕ್ಕುವುದೇ?

ಈ ಮಾತು ನಮ್ಮವರಿಗೆ ಕಹಿಯಾಗುತ್ತದೆಂದು ಗೊತ್ತು. ಇಸ್ಲಾಮಿನಲ್ಲಿ ಜಾತಿಯಿಲ್ಲ ಎಂದು ವೇದಿಕೆಯ ಮೇಲೆ ಹೇಳಿ, ಕೆಳಗಿಳಿದ ಮೇಲೆ ‘ಅವನು ಪಿಂಜಾರ ಕಣಯ್ಯ, ಅಲ್ಲಿ ಸಂಬಂಧ ಬೇಡ’ ಎಂದು ಪಿಸುಗುಡುವವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ! ಕಸಾಯಿ, ಪಿಂಜಾರ, ಜುಲಾಹ ಎಂಬ ಕಸುಬಿನ ಹೆಸರುಗಳು ಉರ್ದು ಮಾತಿನಲ್ಲಿ ಬೈಗುಳವಾಗಿಯೂ ಚಲಾವಣೆಯಲ್ಲಿವೆ. ಕತೆ ಬರೆಯುವ ನಾವು ಈ ಬೈಗುಳಗಳನ್ನು ಸಂಭಾಷಣೆಯೊಳಗೆ ಬರೆದಾಗ, ಸಮುದಾಯದ ಮಾನ ಹರಾಜು ಹಾಕುತ್ತೀರಿ ಎಂಬ ಪತ್ರಗಳು ಬಂದಿವೆ. ಮಾನ ಹೋಗುವುದು ಬೈಗುಳ ಬರೆದದ್ದರಿಂದಲೋ, ಬೈದದ್ದರಿಂದಲೋ? ಪ್ರವಾದಿ ದಾವೂದರು ಕಬ್ಬಿಣವನ್ನು ಪಳಗಿಸಿ ಕವಚ ಹೆಣೆದರೆಂದು ಕುರ್‌ಆನ್ ಹೇಳುತ್ತದೆ. ಜಕರಿಯಾ ಬಡಗಿಯಾಗಿದ್ದರು ಎಂದು ಹದೀಸಿದೆ. ಪೈಗಂಬರರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಇದನ್ನೆಲ್ಲ ಮೀಲಾದಿನ ಭಾಷಣದಲ್ಲಿ ಕಣ್ಣು ತೇವ ಮಾಡಿಕೊಂಡು ಕೇಳುವ ನಾವು, ಪೇಟೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವವನನ್ನು ಏಕವಚನದಲ್ಲಿ ಕರೆಯುತ್ತೇವೆ.

ಅದಿರಲಿ. ಕೈಕಸುಬಿನ ಶಿಕ್ಷಣದ ಹೆಸರಿನಲ್ಲಿ ಇನ್ನೊಂದು ಪ್ರಯೋಗ 1953ರಲ್ಲಿ ಮದರಾಸಿನಲ್ಲಿ ನಡೆಯಿತು. ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಉಳಿದ ಹೊತ್ತು ಮಗು ಮನೆಗೆ ಹೋಗಿ ತಂದೆಯ ಕಸುಬು ಕಲಿಯಲಿ ಎಂದರು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲೇ ಇತ್ತು ಎಂಬುದನ್ನು ಕನ್ನಡಿಗರು ಮರೆತಿದ್ದೇವೆ. ಮೇಲ್ನೋಟಕ್ಕೆ ವಾರ್ಧಾ ಯೋಜನೆಗೂ ಇದಕ್ಕೂ ಅಂಥ ವ್ಯತ್ಯಾಸ ಕಾಣದು. ಪೆರಿಯಾರರು ಮಾತ್ರ ತಕ್ಷಣ ಕಂಡುಕೊಂಡರು. ಇದು ಕುಲಕಸುಬಿನ ಶಿಕ್ಷಣ, ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಲಿ ಎಂಬ ಹುನ್ನಾರ ಎಂದು ಅವರ ಚಳವಳಿ ಬೀದಿಗಿಳಿಯಿತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ಜಾಗಕ್ಕೆ ಬಂದ ಕಾಮರಾಜರು ಯೋಜನೆಯನ್ನು ಹಿಂತೆಗೆದುಕೊಂಡರು. ತಂದೆಯ ಕಸುಬನ್ನು ಮಗನಿಗೆ ಕಲಿಸುವುದು ಬೇರೆ, ಕಂಡವರ ಕಸುಬನ್ನು ಎಲ್ಲರ ಮಕ್ಕಳಿಗೂ ಕಲಿಸುವುದು ಬೇರೆ. ಒಂದು ಜಾತಿಯನ್ನು ಗಟ್ಟಿ ಮಾಡುತ್ತದೆ, ಇನ್ನೊಂದು ಸಡಿಲಿಸುತ್ತದೆ. ಇಷ್ಟು ಸರಳವಾದ ವ್ಯತ್ಯಾಸವನ್ನು ನಮ್ಮ ಸರ್ಕಾರಗಳು ಎಪ್ಪತ್ತು ವರ್ಷಗಳಿಂದ ಬೇಕೆಂದೇ ಕಲಸುತ್ತ ಬಂದಿವೆ.

ಕಲಸಿದ ಬಗೆ ನೋಡಿ. 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟ ಮೇಲೆ ಮೂಲ ಶಿಕ್ಷಣ ಸೊರಗಿತು. ಸ್ವಾತಂತ್ರ್ಯದ ನಂತರ ಮೈಸೂರು ರಾಜ್ಯವೂ ಸೇರಿದಂತೆ ಎಲ್ಲೆಡೆ ಬೇಸಿಕ್ ಶಾಲೆಗಳು ಬಂದವು, ಬೋರ್ಡು ಬದಲಾಯಿತು. ಆದರೆ ಅವು ಬಂದದ್ದು ಹಳ್ಳಿಗಳಿಗೆ. ಪಟ್ಟಣದ ಕಾನ್ವೆಂಟುಗಳಿಗೆ ಹೋಗಿ ಚರಕ ಇಡಿ ಎಂದು ಹೇಳುವ ಧೈರ್ಯ ಯಾವ ಮಂತ್ರಿಗೂ ಇರಲಿಲ್ಲ, ಅವರ ಮಕ್ಕಳೇ ಅಲ್ಲಿದ್ದರು. ಕೊಠಾರಿ ಆಯೋಗ (1964-66) ಅದನ್ನು ‘ಕಾರ್ಯಾನುಭವ’ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದಿತು. ಹೆಸರು ಉದ್ದವಾದಷ್ಟೂ ಕೆಲಸ ಗಿಡ್ಡವಾಯಿತು. ಆ ಪಿರಿಯಡ್ಡಿನಲ್ಲಿ ಗಣಿತದ ಮೇಷ್ಟ್ರು ಬಂದು ಬಾಕಿ ಲೆಕ್ಕ ಮಾಡಿಸುತ್ತಿದ್ದರು, ಇಲ್ಲವೇ ಹುಡುಗರು ಮೈದಾನದ ಕಾಗದ ಆರಿಸುತ್ತಿದ್ದರು. ಈಗ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಬ್ಯೂಟಿ ಅಂಡ್ ವೆಲ್‌ನೆಸ್, ರೀಟೇಲ್, ಆಟೋಮೊಬೈಲ್ ಎಂಬ ವೃತ್ತಿ ವಿಷಯಗಳಿವೆ. ಯಾರಿಗೆ? ಸರ್ಕಾರಿ ಶಾಲೆಗೆ ಬರುವವರಿಗೆ. ಎಂದರೆ ದಲಿತರಿಗೆ, ಹಿಂದುಳಿದವರಿಗೆ, ಮುಸ್ಲಿಮರಿಗೆ. ಮಾಲ್‌ಗೆ ಸಾಮಾನು ಕೊಳ್ಳಲು ಬರುವ ಹುಡುಗನೂ ಸಾಮಾನು ಜೋಡಿಸುವ ಹುಡುಗನೂ ಹದಿನಾಲ್ಕನೆಯ ವಯಸ್ಸಿಗೇ ಬೇರೆಯಾಗುತ್ತಾರೆ.

ಇದರ ಜೊತೆಗೆ 2016ರಲ್ಲಿ ಬಾಲಕಾರ್ಮಿಕ ಕಾನೂನಿಗೆ ತಿದ್ದುಪಡಿ ಬಂತು. ಹದಿನಾಲ್ಕಕ್ಕಿಂತ ಕೆಳಗಿನ ಮಗು ಶಾಲೆ ಬಿಟ್ಟ ಮೇಲೆ ಕುಟುಂಬದ ಕಸುಬಿನಲ್ಲಿ ನೆರವಾಗಬಹುದು ಎಂದಾಯಿತು. ಬೀಡಿ ಕಟ್ಟುವ ಮನೆಯ ಮಗುವಿಗೂ ಆಡಿಟರ್ ಮನೆಯ ಮಗುವಿಗೂ ಈ ‘ನೆರವು’ ಒಂದೇ ಅರ್ಥ ಕೊಡುತ್ತದೆಯೇ? 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಬಂತು. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಅಗಸ, ಕ್ಷೌರಿಕ, ದರ್ಜಿ ಎಂದು 18 ಕಸುಬುಗಳು. ಹದಿನೆಂಟು ತುಂಬಿದವರಿಗೆ ತರಬೇತಿ, ಸಲಕರಣೆ, ಸಾಲ. ಸಾಲ ಸಿಕ್ಕರೆ ಒಳ್ಳೆಯದೇ, ಬಡ ಕಾರೀಗರನಿಗೆ ಬ್ಯಾಂಕಿನ ಬಾಗಿಲು ತೆರೆಯುವುದನ್ನು ನಾವೇಕೆ ವಿರೋಧಿಸೋಣ? ಆದರೆ ಕುಟುಂಬದ ಸಾಂಪ್ರದಾಯಿಕ ಕಸುಬು ಎಂಬ ಷರತ್ತು ಅದರಲ್ಲಿದೆ. ತಮಿಳುನಾಡು ಸರ್ಕಾರ 2024ರಲ್ಲಿ ಆ ಷರತ್ತನ್ನೇ ತೋರಿಸಿ, ಯೋಜನೆಯನ್ನು ಇದ್ದ ಹಾಗೆ ಜಾರಿ ಮಾಡುವುದಿಲ್ಲ ಎಂದಿತು. ಹಳೆಯ ಏಟು ತಿಂದವರಿಗೆ ಕೋಲಿನ ನೆರಳೂ ಗುರುತು ಸಿಗುತ್ತದೆ.

ಹಾಗಾದರೆ ನಿಜವಾದ ಮೂಲ ಶಿಕ್ಷಣ ಹೇಗಿರಬಹುದಿತ್ತು? ಸೇವಾಗ್ರಾಮಕ್ಕೆ ಹೋಗುವುದು ಬೇಡ, ಹಾಸನ ಜಿಲ್ಲೆಗೆ ಬನ್ನಿ. ಖಾದಿಯ ಹಾಡು ಈ ಜಿಲ್ಲೆಗೆ ಹೊಸದಲ್ಲ. ಖಾದಿ ಗ್ರಾಮೋದ್ಯೋಗಕ್ಕೆ ದುಡಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಇಲ್ಲಿಯವರು, ಅರಸೀಕೆರೆಯಲ್ಲಿ ಕಸ್ತೂರ್ಬಾ ಸ್ಮಾರಕ ಟ್ರಸ್ಟಿನ ಕೇಂದ್ರವಿದೆ. ಅದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರು ಎಂಬ ಹೋಬಳಿ ಕೇಂದ್ರವಿದೆ. ಹೇಮಾವತಿ ನಾಲೆಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗದಿಂದಾಗಿ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಸುರಂಗದ ಉದ್ದ ಸುಮಾರು ಹತ್ತು ಕಿಲೋಮೀಟರ್. ನೆಲದಡಿಯಲ್ಲಿ ನದಿಯೊಂದನ್ನು ಅಷ್ಟು ದೂರ ಹರಿಸಬೇಕಾದರೆ ಎಷ್ಟು ಇಳಿಜಾರು ಕೊಡಬೇಕು? ಎರಡು ಕಡೆಯಿಂದ ಕೊರೆಯುತ್ತ ಬಂದವರು ಮಧ್ಯದಲ್ಲಿ ಒಬ್ಬರನ್ನೊಬ್ಬರು ಹೇಗೆ ಸಂಧಿಸುತ್ತಾರೆ? ನಮ್ಮೂರಿನ ಅಡಿಯಲ್ಲಿ ಹೋಗುವ ನೀರು ನಮಗೇಕೆ ಇಲ್ಲ, ನಮ್ಮ ಬಾವಿ ಏಕೆ ಬತ್ತಿತು ಎಂದು ಸುರಂಗದ ಮೇಲಿನ ರೈತರು ಪರಿಹಾರ ಕೇಳಿ ಹೋರಾಡಿದ್ದಾರಲ್ಲ, ಅವರ ಲೆಕ್ಕವೇನು? ಕಲ್ಲು ಒಡೆದ ಕೂಲಿಗಳು ಯಾವ ಊರಿನಿಂದ ಬಂದಿದ್ದರು? ಭೂಗೋಳ, ತ್ರಿಕೋನಮಿತಿ, ಪೌರನೀತಿ ಎಲ್ಲ ಈ ಒಂದು ಸುರಂಗದಲ್ಲಿ ಹರಿಯುತ್ತಿವೆ. ಬಾಗೂರಿನ ಮಗು ಓದುವುದು ಮಾತ್ರ ಭಾಕ್ರಾ ನಂಗಲ್ ಅಣೆಕಟ್ಟು ಯಾವ ನದಿಗೆ ಅಡ್ಡಲಾಗಿದೆ ಎಂದು, ಒಂದು ಅಂಕಕ್ಕೆ.

ಇನ್ನು ತೆಂಗು. ಚನ್ನರಾಯಪಟ್ಟಣ, ಅರಸೀಕೆರೆ ಸೀಮೆ ತೆಂಗಿನ ಸೀಮೆ. ಸಿಪ್ಪೆಯಿಂದ ನಾರು ತೆಗೆದು ಹಗ್ಗ ಹೊಸೆಯುವ ಕೆಲಸವನ್ನು ನೂಲಿನ ಬದಲು ಶಾಲೆಯ ಕಸುಬಾಗಿ ಇಟ್ಟುಕೊಳ್ಳಿ. ಎರಡು ಎಳೆಗಳನ್ನು ಒಂದೊಂದಾಗಿ ಬಲಕ್ಕೆ ಹುರಿಗೊಳಿಸಿ, ಜೋಡಿಸುವಾಗ ಎಡಕ್ಕೆ ತಿರುಗಿಸಬೇಕು. ಆಗ ಬಿಚ್ಚಿಕೊಳ್ಳಲು ಹೊರಟ ಒಂದು ಹುರಿಯನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಅಂಗೈಯಲ್ಲಿ ಇದನ್ನು ಹೊಸೆದ ಮಗುವಿಗೆ ಘರ್ಷಣೆ ಎಂದರೇನು ಎಂದು ಬಾಯಿಪಾಠ ಮಾಡಿಸಬೇಕಿಲ್ಲ. ಹತ್ತು ಗ್ರಾಂ ನಾರಿನಿಂದ ಎಷ್ಟು ಉದ್ದದ ಎಳೆ ಬಂತು, ನಿನ್ನದು ನನ್ನದಕ್ಕಿಂತ ಉದ್ದವಾದರೂ ಬೇಗ ತುಂಡಾದದ್ದೇಕೆ ಎಂಬುದೇ ಗಣಿತ. ನಾರು ತೆಗೆದ ಮೇಲೆ ಉಳಿಯುವ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಅದಕ್ಕೇ ಇಟ್ಟಿಗೆಯಾಗಿ ಒತ್ತಿ ವಿದೇಶದ ತೋಟಗಳಿಗೆ ಕಳಿಸುತ್ತಾರೆ. ಒಂದು ಕಾಯಿಗೆ ರೈತನಿಗೆ ಎಷ್ಟು ಸಿಕ್ಕಿತು, ಸಿಪ್ಪೆಗೆ ಎಷ್ಟು, ಆ ಇಟ್ಟಿಗೆ ಎಷ್ಟಕ್ಕೆ ಹೋಯಿತು, ನಾರಿನ ಧೂಳು ಕುಡಿಯುತ್ತ ಕೂಲಿ ಮಾಡುವವರು ಹೆಚ್ಚಾಗಿ ಹೆಂಗಸರೇ ಏಕೆ? ಈ ಪ್ರಶ್ನೆಗಳನ್ನು ಹತ್ತು ವರ್ಷದ ಮಕ್ಕಳು ಲೆಕ್ಕದ ಪುಸ್ತಕ ಹಿಡಿದು ಊರೊಳಗೆ ಕೇಳುತ್ತ ಹೋದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಊರ ಯಜಮಾನರು ಮೂರೇ ದಿನಕ್ಕೆ ಮೇಷ್ಟ್ರನ್ನು ವರ್ಗ ಮಾಡಿಸುತ್ತಾರೆ! ಸಮಾಜ ಪರಿವರ್ತನೆ ಎಂಬುದು ಇಲ್ಲಿಂದ ಶುರುವಾಗುವ ಸಂಗತಿ, ಹಗ್ಗ ಮಾರಿ ಬಂದ ಕಾಸಿನಿಂದ ಅಲ್ಲ.

ಕೈಯವನಿಗೆ ಅಕ್ಷರವೇಕೆ, ಅಕ್ಷರದವನಿಗೆ ಕೈಯೇಕೆ ಎನ್ನುವವರು ಇದೇ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿಬರಲಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳ ಮೇಲೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರುಗಳಿವೆ. ಉಳಿ ಹಿಡಿದವರು ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಇಂದು ನಮ್ಮ ಮನೆ ಕಟ್ಟಿದ ಗಾರೆ ಮೇಸ್ತ್ರಿಯ ಹೆಸರು ಗೃಹಪ್ರವೇಶದ ಆಮಂತ್ರಣದಲ್ಲಿ ಇರುತ್ತದೆಯೇ? ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ವಾಟ್ಸಾಪಿನಲ್ಲಿ ಹಿಗ್ಗಿದೆವು. ಸತು ಮತ್ತು ತಾಮ್ರದ ಮಿಶ್ರಲೋಹ, ಅದರೊಳಗೆ ಬೆಳ್ಳಿಯ ಕುಸುರಿ, ಕೊನೆಗೆ ಬೀದರ್ ಕೋಟೆಯ ಮಣ್ಣಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವ ಸೋಜಿಗ. ಇದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠ ಯಾವ ಪ್ರಯೋಗಾಲಯದಲ್ಲಿದೆ? ಹಿಗ್ಗಿದ ನಮ್ಮಲ್ಲಿ ಎಷ್ಟು ಮಂದಿ ಮಗನನ್ನು ಬಿದ್ರಿ ಕಲಿಯಲು ಕಳಿಸಿದೆವು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ತಲೆತಲಾಂತರದಿಂದ ಕೈಕೆಲಸ ಮಾಡಿ ಸವೆದ ದಲಿತ ತಂದೆ, ಪಿಂಜಾರ ತಾಯಿ ಕೇಳುತ್ತಾರೆ: ನಮಗೆ ಹಗ್ಗವೂ ಬೇಡ, ಚರಕವೂ ಬೇಡ, ಇಂಗ್ಲಿಷು ಕೊಡಿ, ಕಂಪ್ಯೂಟರ್ ಕೊಡಿ. ಅವರು ಕೇಳುವುದು ಸರಿಯಾಗಿದೆ. ಯಾಕೆಂದರೆ ಈ ದೇಶದಲ್ಲಿ ಶಾಲೆಯ ಕೈಕೆಲಸ ಅವರಿಗೆ ಪಾಠವಾಗಿ ಬಂದಿಲ್ಲ, ಅವಮಾನವಾಗಿ ಬಂದಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿಯನ್ನು ಓದಿದ ತಾಯಿಗೆ, ಆಶ್ರಮದಲ್ಲಿ ಗಾಂಧಿಯೇ ಕಕ್ಕಸು ತೊಳೆಯುತ್ತಿದ್ದರು ಎಂದು ಹೇಳುವ ಬಾಯಿ ನಮಗಿಲ್ಲ. ಎಲ್ಲರೂ ಸರದಿಯಂತೆ ತೊಳೆದರೆ ಅದು ಶಿಕ್ಷಣ, ಕೆಲವರನ್ನೇ ಆರಿಸಿ ಇಳಿಸಿದರೆ ಅದು ಅಪರಾಧ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸುತ್ತಾರಲ್ಲ, ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂದು ಆ ತಾಯಿಗೆ ಗೊತ್ತಿದೆ.

ಆದ್ದರಿಂದಲೇ ಆರಂಭ ಬಡವರ ಶಾಲೆಯಿಂದ ಆಗಕೂಡದು. ಮೇಲಿನಿಂದ ಆಗಲಿ. ರಾಜ್ಯ ಸರ್ಕಾರ ಕೇಂದ್ರದ 2020ರ ಶಿಕ್ಷಣ ನೀತಿಯನ್ನು ಕೈಬಿಟ್ಟು, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗ 2025ರ ಆಗಸ್ಟಿನಲ್ಲಿ ತನ್ನ ವರದಿ ಕೊಟ್ಟಿದೆ. ಪತ್ರಿಕೆಗಳಲ್ಲಿ ನಡೆದ ಚರ್ಚೆಯೆಲ್ಲ ಎರಡು ಭಾಷೆಯೋ ಮೂರು ಭಾಷೆಯೋ ಎಂಬುದರ ಸುತ್ತಲೇ. ನಾಲಿಗೆಯ ಬಗ್ಗೆ ಇಷ್ಟು ಜಗಳವಾಡಿದ ನಾವು ಕೈಯ ಬಗ್ಗೆ ಒಂದು ಸಂಜೆಯಾದರೂ ಮಾತಾಡಬಹುದಿತ್ತು. ಸರ್ಕಾರಕ್ಕೆ ಮನಸ್ಸಿದ್ದರೆ ಒಂದು ಆದೇಶ ಹೊರಡಿಸಲಿ: ರಾಜ್ಯದ ನೆಲದ ಮೇಲಿರುವ ಪ್ರತಿ ಶಾಲೆಯಲ್ಲಿ, ಅದು ಲಕ್ಷಗಟ್ಟಲೆ ಶುಲ್ಕ ಪಡೆಯುವ ಅಂತರರಾಷ್ಟ್ರೀಯ ಶಾಲೆಯಾಗಿರಲಿ, ಸಿ.ಬಿ.ಎಸ್.ಇ. ಆಗಿರಲಿ, ಅಲ್ಪಸಂಖ್ಯಾತ ಸಂಸ್ಥೆಯಾಗಿರಲಿ, ಒಂದು ಕಸುಬನ್ನು ಐದನೆಯ ತರಗತಿಯಿಂದ ಹತ್ತರವರೆಗೆ ವಿಜ್ಞಾನದಷ್ಟೇ ಅಂಕಕ್ಕೆ, ವಿಜ್ಞಾನದಷ್ಟೇ ಹೊತ್ತು ಕಲಿಸಬೇಕು. ಕಲಿಸಲು ಊರಿನ ಬಡಗಿ, ನೇಕಾರ, ಹಗ್ಗ ಹೊಸೆಯುವ ಹೆಂಗಸು ಬರಬೇಕು. ಡಿಗ್ರಿ ಇಲ್ಲವೆಂದು ಅವರನ್ನು ಗೇಟಿನಲ್ಲಿ ನಿಲ್ಲಿಸಕೂಡದು, ಬಿ.ಎಡ್. ಮೇಷ್ಟ್ರಿಗೆ ಕೊಡುವ ಸಂಬಳವನ್ನೇ ಕೊಡಬೇಕು. ಮಕ್ಕಳು ಮಾಡಿದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸುವ ಮಾತು ಯಾರೂ ಎತ್ತಕೂಡದು, ಜಾಕಿರ್ ಸಾಹೇಬರ ಎಚ್ಚರಿಕೆ ಕಡತದಲ್ಲಿರಲಿ. ಸರ್ಕಾರಿ ಶಾಲೆಯ ಮಗುವಿಗೆ ಇಂಗ್ಲಿಷು, ಕಂಪ್ಯೂಟರ್ ಎರಡೂ ಇದರ ಜೊತೆಗೇ ಸಿಗಬೇಕು, ಇದರ ಬದಲಿಗೆ ಅಲ್ಲ.

ನಮ್ಮವರೇ ನಡೆಸುವ ಶಾಲೆಗಳು ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಜಿಲ್ಲೆಗೆ ಹತ್ತಾರು ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ಸಮುದಾಯದ ಹಣದಿಂದ ಕಟ್ಟಿದ್ದೇವೆ. ಮುಂದಿನ ಜೂನಿನಲ್ಲಿ ವಿತರಣೆಗೆಂದು ತರುವ ಹೊಲಿಗೆ ಯಂತ್ರಗಳಲ್ಲಿ ಇಪ್ಪತ್ತನ್ನು ಶಾಮಿಯಾನಕ್ಕೆ ಒಯ್ಯದೆ ಆ ಶಾಲೆಗಳ ಎಂಟನೆಯ ತರಗತಿಯೊಳಗೆ ಇಡಲಿ. ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ. ದರ್ಜಿ ಅಂಗಡಿಯಲ್ಲಿ ಕೂತು ಕಣ್ಣು ಕಳೆದುಕೊಂಡ ಹಿರಿಯ ಕಾರೀಗರನೊಬ್ಬನನ್ನು ಕರೆತಂದು, ಕುರ್ಚಿ ಕೊಟ್ಟು, ‘ಉಸ್ತಾದ್’ ಎಂದು ಕರೆಯಲಿ. ಮೊದಲ ದಿನ ಸೂಜಿಗೆ ದಾರ ಪೋಣಿಸಲು ಕೂರುವ ಹುಡುಗರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಮಗ ಇದ್ದಾನೆಯೇ ಎಂದು ನೋಡಲು ನಾವು ಬರುತ್ತೇವೆ.